ಹನ್ನೆರಡು ಡಬ್ಬಿ, ಒಂದು ತೂತು

ಇಲ್ಲಿ ಐಸ್‌ಬಾಕ್ಸ್ ಇರುವುದು ಡಬ್ಬಿಗಳು ಹೆಪ್ಪುಗಟ್ಟದಿರಲೆಂದು.
ಹೊರಗೆ ಮೈನಸ್ ಇಪ್ಪತ್ತಾರು, ಮಿನೆಸೋಟದ ಫೆಬ್ರುವರಿ.
ಹೋದ ವರ್ಷ ಟೋಯಿವೋ ಪಿಕಪ್ಪಿನಲ್ಲಿ ಮರೆತ ಒಂದು ಕಲ್ಲಂಗಡಿ
ರಾತ್ರಿ ಹೊಟ್ಟೆಯುಬ್ಬಿ ಸಿಡಿದು
ಸೀಟಿನ ತುಂಬ ಬರೀ ಬಿಳಿ ಪುಡಿಮಂಜು:
ಕೆಂಪೆಲ್ಲ ತಗಡಿನ ಮೇಲಿತ್ತು,
ಒಳಗೆ ಒಂದು ತೊಟ್ಟೂ ಇರಲಿಲ್ಲ.

ನಾನು ಮಾರ್ಲಿಸ್. ಗಾಳದ ಅಂಗಡಿ ನನ್ನದು.
ಒಂದೇ ಫ್ರಿಜ್ಜು: ಕೆಳಗೆ ಎರೆಹುಳು, ಮೇಲೆ ಹಾರ್ಡ್ ಸೆಲ್ಟ್ಸರ್.
"ಯಾವುದು ಚೆನ್ನಾಗಿದೆ?" ಎಂದು ಗಿರಾಕಿ ಕೇಳಿದರೆ
ಹುಳುವಿನ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲೆ,
ಡಬ್ಬಿಯ ಬಗ್ಗೆ ತಲೆ ಕೆರೆದುಕೊಳ್ಳುತ್ತೇನೆ.
ಅದಕ್ಕೇ ಈ ಪಂಚಾಯ್ತಿ,
ಎರಡೂವರೆ ಅಡಿ ಮಂಜುಗಡ್ಡೆಯ ಮೇಲೆ, ಪ್ಲೈವುಡ್ ಗೂಡಿನಲ್ಲಿ,
ನಡುವೆ ಮೀನಿಗೆಂದು ಕೊರೆದ ತೂತು, ಮೂಲೆಗೆ ಗ್ಯಾಸಿನ ಒಲೆ,
ಹನ್ನೆರಡರ ಪೆಟ್ಟಿಗೆ: ನಾಲ್ಕು ಹಣ್ಣು, ಮೂರು ಮೂರು.

ತೀರ್ಪುಗಾರರು: ಟೋಯಿವೋ,
ಅದಿರಿನ ರೈಲಿಗೆ ಮೂವತ್ತು ವರ್ಷ ಬ್ರೇಕು ಹಾಕಿದವನು,
ಮಾತಿಗೆ ಮಾತ್ರ ಹಾಕಲು ಕಲಿಯದವನು.
ಅವನ ಅಕ್ಕ ಲೆಂಪಿ, ಶಾಲೆಯ ಅಡುಗೆಯವಳು.
ಎರಡು ಚಳಿಗಾಲದ ಹಿಂದೆ ಒಂದು ಜ್ವರ ಬಂದು
ಹೋಗುವಾಗ ಅವಳ ಮೂಗನ್ನೂ ಜೊತೆಗೊಯ್ದಿತು.
ಉಪ್ಪು ಹುಳಿ ಸಿಹಿ ಕಹಿ, ನಾಲ್ವರು ಬಾಡಿಗೆದಾರರು ಉಳಿದಿದ್ದಾರೆ,
ಹಣ್ಣುಗಳೆಲ್ಲ ಮನೆ ಖಾಲಿ ಮಾಡಿವೆ.
"ಪಕ್ಷಪಾತವಿಲ್ಲದ ನಾಲಿಗೆ ನನ್ನದೊಂದೇ,"
ಎಂದು ಕುರ್ಚಿ ಎಳೆದು ಕೂತಳು.

ಹೆಸರು ಕಾಣದಂತೆ ಕಾಗದದ ಲೋಟಗಳಿಗೆ ಸುರಿದೆ.
ನಾಲ್ಕೂ ನೀರು. ಸಕ್ಕರೆ ಹುಳಿಸಿ ಬಣ್ಣ ಕಳೆದ ನೀರು.
ಮೊದಲನೆಯದು: "ಕೆಮ್ಮಿಗೆ ಅಮ್ಮ ಕೊಡುತ್ತಿದ್ದ ಸಿರಪ್ಪು,
ಅಲ್ಲ, ಆ ಚಮಚ ತೊಳೆದ ನೀರು. ಕಪ್ಪು ಚೆರ್ರಿ!" ಎಂದ ಟೋಯಿವೋ.
ನಾನೂ ಹೂಂ ಎಂದೆ. ಗೋಡೆಯ ಮೇಲೆ ಬಡಗಿ ಪೆನ್ಸಿಲಿನಲ್ಲಿ ಬರೆದೆ.
ಎರಡನೆಯದು ನನಗೆ ಬಿಸಿಲಿಗೆ ಬೆಂದ ಬಸ್ಸಿನ ಸೀಟು;
ಅವನಿಗೆ ಕಲ್ಲಂಗಡಿ, ಆದರೆ ಸಿಪ್ಪೆಗಂಟಿದ ಬಿಳಿ ಭಾಗ.
ಮೂರನೆಯದಕ್ಕೆ ಜಗಳ.
ನಾಲಿಗೆಗೆ ಎಲುಬಿಲ್ಲ ಅಂತಾರೆ;
ಅವತ್ತು ಇಬ್ಬರ ನಾಲಿಗೆಗೂ ಬೆಳೆದಿತ್ತು.

ಲೆಂಪಿ ಲೋಟವನ್ನು ಮೊದಲು ಕಿವಿಗೆ ಹಿಡಿದಳು.
ಗುಟುಕರಿಸಿ, ಬಾಯೊಳಗೆ ಒಂದು ಸುತ್ತು ತಿರುಗಿಸಿ,
"ಮೊದಲನೆಯದೇ ನಿಂಬೆ. ಕೆನ್ನೆಯನ್ನು ಒಳಗಿಂದ ಹಿಂಡಿತು.
ಚೆರ್ರಿ ಯಾವುದೋ ಗೊತ್ತಿಲ್ಲ. ಇದಲ್ಲ."
ಡಬ್ಬಿ ತಿರುಗಿಸಿದೆ. ನಿಂಬೆ.
ಮೂಗಿದ್ದ ನಾವಿಬ್ಬರೂ ತೂತಿನೊಳಗೆ ನೋಡಿದೆವು.

ಟೋಯಿವೋ ಕೋಟಿನ ಜೇಬಿನಿಂದ ತನ್ನದೇ ಒಂದು ತೆಗೆದ,
ಅಜ್ಜನ ದೇಶದ್ದು, ಜಿನ್ನಿಗೆ ಗ್ರೇಪ್‌ಫ್ರೂಟ್ ಬೆರೆಸಿದ್ದು.
"ಇದರಲ್ಲಿ ಕಹಿ ಅನ್ನೋದಿದೆ.
ಕಹಿಯಿಲ್ಲದ್ದು ಕುಡಿತವಲ್ಲ, ಬಾಯಿ ಮುಕ್ಕಳಿಸೋದು."
ಸ್ಪರ್ಧೆಗೆ ಸೇರದು ಎಂದೆ.
ಆದರೂ ಮೂವರೂ ಕುಡಿದೆವು, ಗೋಡೆಯ ಮೇಲೆ ಬರೆಯದೆ.

ಉಳಿದದ್ದು ನಾಲ್ಕನೆಯದು. ಡಬ್ಬಿ ಬಚ್ಚಿಡಲು ಮರೆತಿದ್ದೆ: ಮಾವು.
"ಹೇಗಿದೆ ಹೇಳಿ," ಎಂದಳು ಲೆಂಪಿ,
"ನನಗೆ ಸಿಗೋದು ಒಂಚೂರು ಸಿಹಿ, ಆಮೇಲೆ ಸೂಜಿಗಳು."
ಟೋಯಿವೋ ಬಾಯಿ ತೆರೆದ. ಮುಚ್ಚಿದ.
"ಮಾವಿನ ಹಾಗೇ ಇದೆ," ಎಂದೆ ನಾನು.
"ಮಾವು ಹೇಗಿರುತ್ತೆ?"

ಯೋಚಿಸಿದರೆ, ನಮ್ಮಲ್ಲಿ ಯಾರೂ ಮಾವು ತಿಂದವರಲ್ಲ.
ಮೊಸರಿನ ಕಪ್ಪು, ಶಾಂಪೂ ಬಾಟಲಿ, ಈಗ ಇದು.
"ಒಳಗೆ ಗೊರಟೆ ಇರುತ್ತೆ," ಎಂದ ಟೋಯಿವೋ, "ದೊಡ್ಡದು."
ಎಲ್ಲೋ ಓದಿದ್ದನಂತೆ.
ಲೆಂಪಿ ನಕ್ಕಳು ನೋಡಿ,
ಒಲೆಯ ಮೇಲಿನ ಕೆಟಲಿನ ಮುಚ್ಚಳ ಅದುರಿತು.

ಆಗಲೇ ಕೆಳಗೆ ಸರೋವರ ಒಮ್ಮೆ ನರಳಿ
ಅವಳ ಬೆರಳಿಗೆ ಸುತ್ತಿದ್ದ ದಾರ ಜಗ್ಗಿತು.
ವಾಲ್‌ಐ, ಮೊಣಕೈಯುದ್ದ.
ಕೊಕ್ಕೆ ಬಿಡಿಸಿ, ಅದರ ತುಟಿಗೆ ಟೋಯಿವೋ
ಎರಡು ಹನಿ ಮಾವು ಬಿಟ್ಟ.
ಮೀನು ಬಾಯಿ ತೆರೆಯಿತು. ಮುಚ್ಚಿತು.
ಥೇಟ್ ಅವನ ಹಾಗೆ.

ಸೋಮವಾರ ಒಬ್ಬ ಹುಡುಗ ಫ್ರಿಜ್ಜಿನ ಮುಂದೆ ನಿಂತ,
ಗುರುತಿನ ಚೀಟಿಯ ಪ್ರಕಾರ ಇಪ್ಪತ್ತೊಂದು ತುಂಬಿ ನಾಲ್ಕು ದಿನ.
"ಯಾವುದು ಚೆನ್ನಾಗಿದೆ?"
"ನಿಂಬೆ ಕೆನ್ನೆ ಹಿಂಡುತ್ತೆ. ಚೆರ್ರಿ ಕೆಮ್ಮಿದ್ದವರಿಗೆ.
ಮಾವು ತಿಂದಿದ್ದೀಯೇನಪ್ಪ ನೀನು?"
ಇಲ್ಲ ಎಂದು ತಲೆಯಾಡಿಸಿದ.
ಅದನ್ನೇ ಎರಡು ತಗೊಂಡ,
ಜೊತೆಗೆ ಒಂದು ಡಜನ್ ಹುಳು.