ಅರ್ಧ ಬೆರಳು

ಸಸೂನ್ ಡಾಕ್, ಬೆಳಗಿನ ಐದೂವರೆ. ಐಸಿನ ನೀರು
ಚಪ್ಪಲಿಯೊಳಗೆ; ಹಾಳೆಗೆ ಆಗಲೇ ಮೀನಿನ ವಾಸನೆ.
ಠಾಕೀಬಾಯಿ, ಇಂಡಿ ಕಡೆಯವಳು,
ಮಗುಚಿದ ಬುಟ್ಟಿಯ ಮೇಲೆ ಕೂತು ಸಿಗಡಿ ಸುಲಿಯುತ್ತಾಳೆ.
ಕೈ ನಿಲ್ಲುವುದಿಲ್ಲ.
ನನಗಾಗಿ ಯಾಕೆ ನಿಲ್ಲಬೇಕು? ಕಿಲೋ ಲೆಕ್ಕದ ಕೂಲಿ.

ಗೀಚಿದೆ. ಹತ್ತು ವರ್ಷ ಪ್ಲಾಸ್ಟರ್ ಕೈಗಳ ಮೇಲೆ
ಪಳಗಿದ ಪೆನ್ಸಿಲ್ ತಾನೇ ಓಡಿತು:
ಗೆಣ್ಣು, ಉಗುರು, ನೆರಳು, ಎಲ್ಲ ಸರಿ.

ಇಣುಕಿದಳು.
"ಇದ್ಯಾರ ಕೈಯೋ ತಮ್ಮಾ?"
"ನಿನ್ನದೇ."
ಎಡಗೈ ಎತ್ತಿದಳು. ಕಿರುಬೆರಳು
ಅರ್ಧಕ್ಕೇ ಮುಗಿದಿತ್ತು.
ಐಸ್ ಮಷೀನು ತಿಂದದ್ದಂತೆ, ಎಂದೋ.

ರಬ್ಬರು ಹುಡುಕಿದೆ.
"ಅಳಸಬ್ಯಾಡ, ಇರ್ಲಿ.
ಥಂಡ್ಯಾಗ ಅದು ಇನ್ನೂ ನೋಯ್ತೈತಿ."

ಹೊಸ ಹಾಳೆ ತಿರುವಿದೆ.
ಪೆನ್ಸಿಲ್ ಮುಟ್ಟದೆ
ಬರೀ ನೋಡುತ್ತ ಕೂತೆ,
ಎರಡು ಬುಟ್ಟಿ ತುಂಬುವವರೆಗೆ.