ಚೀಟಿ ಇಲ್ಲದ ಬಾಟಲಿ

ಅತ್ತಿ ದಾನವ್ವ ಮಗಳ ಬಾಣಂತನಕ್ಕ ಇಳಕಲ್ಲಿಗೆ ಹೋದಾಳ.
ಗುಳೇದಗುಡ್ಡದ ಈ ಮನಿ ಮಾಡದಾಗ
ನಾಕು ಎಣ್ಣಿ ಬಾಟಲಿ. ಒಂದಕ್ಕೂ ಚೀಟಿ ಇಲ್ಲ.
"ಮೂಗು ಐತಲ್ಲ" ಅಂದಿದ್ದಳು, ಬಸ್ಸಿನ ಕಿಟಕಿಯಿಂದ.

ಮೊದಲನೇದು ಶೇಂಗಾ.
ಬಿರಡಿ ತೆಗದರ ಸಾಕು, ಹಬ್ಬದ ಕರಿಗಡಬು.
ಎರಡನೇದು ಮೂಸಿದರ ಏನೂ ಇಲ್ಲ;
ಬೆರಳಿಗೆ ಹಚಿಗೊಂಡು ನೆಕ್ಕಿದೆ. ಕುಸುಬಿ!
ಗುರೆಳ್ಳ ಹಿಂಡಿಗೆ ನಡಕ ಕುಣಿ ಮಾಡಿ
ಹಸೀದಽ ಹಾಕ್ಕೊಂಡು ರೊಟ್ಟಿ ತಿನ್ನೂದು.
ಜೇನಿನಂಗ ಸಾವಕಾಶ ಹೊರಳೂದು ಔಡಲ:
ತೊಗರಿಬ್ಯಾಳಿಗೆ ಸವರಿ ಡಬ್ಬಿ ತುಂಬಿದೆ,
ಉಳಿದದ್ದು ಮಗ್ಗ ತುಳದು ತುಳದು
ಬಿರತ ಗಂಡನ ಅಂಗಾಲಿಗೆ.

ನಾಕನೇದಕ್ಕ ಸೋತೆ.
ಹಳೇ ಬಾಗಿಲಿನ ವಾಸನಿ, ಹೊಸ ಬಣ್ಣದ್ದೂ.
ಕೆಟ್ಟೈತೆಂದು ಚೆಲ್ಲಾಕ ಹ್ವಾದೆ.
ಲಾಳಿ ಹಿಡಕೊಂಡಽ ಓಡಿ ಬಂದ:
"ಅಗಸಿ ಅದು! ಕಟಿಗಿ ಕುಡೀತೈತಿ, ಒಣಗತೈತಿ,
ಖಣಕ್ಕ ಕಲಿ ಬಿಡೂದಿಲ್ಲ.
ನೀ ಮಾತ್ರ ಕೈ ತೊಳಕೊಂಡು ಮುಟ್ಟು."

ಮುಟ್ಟಿದ್ದೆನಲ್ಲ, ಮುಂಜಾನಿನಽ.
ಕೆಂಪು ಖಣದ ಅಂಚಿಗೆ ಶೇಂಗಾದ ಹೆಬ್ಬಟ್ಟು.
ಮ್ಯಾಲೆ ಜ್ವಾಳದ ಹಿಟ್ಟು ಉದರಿಸಿ
ಮಡಚಿ ಇಟ್ಟೀನಿ ಟ್ರಂಕಿನ ತಳಕ್ಕ.

ಅತ್ತಿ ಬಂದ ದಿನ
ಮೊದಲು ಮೂಸೂದು ಅದನ್ನಽ.