ದೀರ್ಘ ಬಿಟ್ಟಿದೆ

ಮುಳಗುಂದ ನಾಕಾದ ಹಿಂದಿನ ಓಣಿಯ ಪ್ರೆಸ್ಸಿನಲ್ಲಿ
ಕರಡು ತಿದ್ದುವ ಕುರ್ಚಿ ನನ್ನದು, ಇಪ್ಪತ್ತೆರಡು ವರ್ಷದಿಂದ.
ಅಚ್ಚಿನ ಮೊಳೆ ಹೋಗಿ ಕಂಪ್ಯೂಟರ್ ಬಂತು.
ಕುರ್ಚಿ ಬದಲಿಸಲು ಮಾತ್ರ ನಾನು ಬಿಡಲಿಲ್ಲ.
ಮಾಲಕರು ಒಮ್ಮೆ ಹೊಸದು ತಂದಿದ್ದರು,
ಎರಡು ದಿನ ನಿಂತೇ ತಿದ್ದಿದೆ.

ಮಂಗಳವಾರ ಊಟದ ಹೊತ್ತಿಗೆ ಅವ ಬಂದ.
ಮುಖ ನೋಡುವುದು ನನಗೆ ತಡ. ಮೊದಲು ಚಪ್ಪಲಿ ನೋಡಿದೆ,
ಎಡದ ಹಿಮ್ಮಡ ಸವೆದದ್ದು.
ಎಡಗಾಲು ಎಳೆದು ನಡೆಯುವವ
ನಮ್ಮ ಮನೆಯಲ್ಲಿ ಒಬ್ಬನೇ.
ಗುರುಪಾದ.

ಹನ್ನೊಂದು ವರ್ಷ.

ಅಪ್ಪನ ಗಣಾರಾಧನೆಯ ಕಾರ್ಡಿನಲ್ಲಿ
'ಲಿಂಗೈಕ' ಅಂತ ಅಚ್ಚಾಗಿತ್ತು. ಯ ಒತ್ತು ಇಲ್ಲ.
ಹುಬ್ಬಳ್ಳಿಯ ಯಾವುದೋ ಪ್ರೆಸ್ಸು, ನಮ್ಮದಲ್ಲ.
ಪಂಕ್ತಿಗೆ ಕೂತವರ ಎಲೆಯ ಬದಿಯಿಂದ, ಕಿಸೆಯಿಂದ
ಒಂದೊಂದೇ ಕಾರ್ಡು ಇಸಕೊಂಡು
ಕೆಂಪು ಪೆನ್ನಿನಲ್ಲಿ ಒತ್ತು ಕೊಟ್ಟೆ.
ನೂರಾ ಹನ್ನೆರಡು.
ಎಲ್ಲರೂ ಅಳುತ್ತಿದ್ದರಂತೆ. ನನಗೆ ಕಂಡದ್ದು
ಅಪ್ಪ ಅರ್ಧಕ್ಕೆ ನಿಂತದ್ದು,
ಐಕ್ಯ ಆಗಲಾರದೆ, ಒಂದು ಒತ್ತಿನ ಸಲುವಾಗಿ.

ಗುರುಪಾದ ಪೆನ್ನು ಕಸಿದು ಮುರಿದ.
"ಅಪ್ಪ ಸತ್ತಾನ. ನಿನಗ ಒತ್ತಕ್ಷರದ ಚಿಂತಿ ಹತ್ತೈತಿ."
ಶಾಯಿ ಅವನ ಬಿಳಿ ಅಂಗಿಗೆ ಸಿಡಿಯಿತು.
ಯಾವ ಸಾಬೂನು ಹಚ್ಚಬೇಕು ಅಂತ ಹೇಳಿದೆ.
ಅದು ಆಗ ಆಡುವ ಮಾತಲ್ಲ ಅಂತ
ಆಮೇಲೆ ಯಾರೋ ತಿಳಿಸಿದರು.

ಹೋದ ವರ್ಷ ಧಾರವಾಡದ ಡಾಕ್ಟರ್ ಬಾಯಾರು
ಎರಡು ತಾಸು ಕೇಳಿ ಕೇಳಿ, ನಲವತ್ನಾಲ್ಕರ ನನಗೆ
ಒಂದು ಪದ ಬರೆದುಕೊಟ್ಟರು. ಆಟಿಸಂ.
ಮರುದಿನ ಅದನ್ನು ಹದಿನೆಂಟು ಪಾಯಿಂಟಿನಲ್ಲಿ ಜೋಡಿಸಿ,
ತಪ್ಪಿಲ್ಲವೆಂದು ಮೂರು ಸಲ ನೋಡಿ,
ಒಂದೇ ಪ್ರತಿ ತೆಗೆದು ಗೋಕುಲ ರೋಡಿನ ವಿಳಾಸಕ್ಕೆ ಹಾಕಿದೆ.
ಬೇರೆ ಏನೂ ಬರೆಯಲಿಲ್ಲ.
ಬೇರೆ ಏನಿತ್ತು?

ಎಂಟು ತಿಂಗಳು ಉತ್ತರವಿಲ್ಲ.

ಈಗ ಅವ ಎದುರಿಗೆ ಕೂಡಲಿಲ್ಲ. ಸ್ಟೂಲು ಎಳೆದು ಬಗಲಿಗೆ ಕೂತ,
ಬಸ್ಸಿನಲ್ಲಿ ಕೂತ ಹಾಗೆ, ಇಬ್ಬರಿಗೂ ಒಂದೇ ಗೋಡೆ.
ಮತ್ತೆ ಎದ್ದು, ಗುಂಯ್ ಅನ್ನುವ ಟ್ಯೂಬ್‌ಲೈಟು ಆರಿಸಿ ಬಂದ.
ಚಿಕ್ಕವನಿದ್ದಾಗಲೂ ಆರಿಸುತ್ತಿದ್ದ, ಅವ್ವ ಬೈಯುತ್ತಿದ್ದಳು,
ಓದೂದು ಬ್ಯಾಡೇನೋ ನಿನಗ.
ಕಿಸೆಯಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟ.
"ಇದನ್ನ ತಿದ್ದಿ ಕೊಡು."

ತೊಟ್ಟಿಲಿಗೆ ಹಾಕುವ ಕಾರ್ಡು. ಮಗಳಂತೆ. ಹೆಸರಿನ ಜಾಗ ಖಾಲಿ.
ನಾಲ್ಕು ತಪ್ಪಿಗೆ ಸುತ್ತು ಹಾಕಿದೆ.
ಐದನೆಯದು ಕೆಳಗೆ, ಸಣ್ಣಕ್ಷರದಲ್ಲಿ:
'ಸೋದರತ್ತೆ ನಿಲಾಂಬಿಕಾ'.

"ದೀರ್ಘ ಬಿಟ್ಟೈತಿ," ಅಂದೆ.
"ಗೊತ್ತೈತಿ," ಅಂದ. "ನಾನ ಬಿಟ್ಟೀನಿ.
ನೀ ಹಾಕ್ತಿ ಅಂತ."

ನ ಗುಡಿಸು ನಿ. ನ ಗುಡಿಸಿನ ದೀರ್ಘ ನೀ.
ಒಂದನೇ ಇಯತ್ತೆಯಲ್ಲಿ ಅವನಿಗೆ ಕಾಗುಣಿತ ಕಲಿಸಿದವಳು ನಾನೇ,
ಬೆಟಗೇರಿ ಮನೆಯ ಪಡಸಾಲೆಯಲ್ಲಿ.
ದೀರ್ಘ ಕೊಡದೆ ಕರೆದರೆ ಓ ಅನ್ನುತ್ತಿರಲಿಲ್ಲ.
ಅವ ಹೊಸ್ತಿಲಲ್ಲಿ ನಿಂತು, ಉಸಿರು ಮುಗಿಯುವತನಕ
ನೀ ಎಳೆಯುತ್ತಿದ್ದ.

ಕೆಂಪು ಪೆನ್ನು ತೆಗೆದೆ. ಅವ ಪೆನ್ನನ್ನೇ ನೋಡುತ್ತಿದ್ದ.
ಹಾಕಿದೆ.

"ಕೂಸಿನ ಕಿವ್ಯಾಗ ಹೆಸರ ನೀನ ಹೇಳಬೇಕು.
ಬೆನ್ನಿಗೆ ಗುದ್ದೂದು ಬ್ಯಾಡ ಅಂತ ಹೆಂಗಸರಿಗೆಲ್ಲಾ ಹೇಳೀನಿ.
ವಾಜಂತ್ರಿನೂ ಇಲ್ಲ."

ವಾಜಂತ್ರಿ ಬೇಡ, ಅದು ಸರಿ.
"ಗುದ್ದಲಿ," ಅಂದೆ. "ಗಟ್ಟಿ ಗುದ್ದಲಿ.
ಸವರಬಾರದು, ಅಷ್ಟ."

ಅವ ನಕ್ಕನೋ ಮತ್ತೇನೋ,
ನಾನು ಗೋಡೆ ನೋಡುತ್ತಿದ್ದೆ, ಗೊತ್ತಾಗಲಿಲ್ಲ.
ಮೂರರ ಬಸ್ಸಿಗೆ ಹೋದ.

ಟ್ಯೂಬ್‌ಲೈಟು ಹಚ್ಚದೆ, ಕಿಟಕಿಯ ಬೆಳಕಿಗೆ ಹಾಳೆ ಹಿಡಿದು
ಯಾವ ಪ್ರೆಸ್ಸೂ ಕೆಡಿಸಲಾರದ ಹೆಸರು ಬರೆದೆ,
ಒತ್ತಿಲ್ಲದ್ದು, ದೀರ್ಘವಿಲ್ಲದ್ದು.
ಕಮಲ. ಸರಸ.

ಎರಡನ್ನೂ ಹೊಡೆದುಹಾಕಿ
ದೀರ್ಘ ಇರುವುದೊಂದನ್ನು ಹುಡುಕತೊಡಗಿದೆ.